ಅರ್ಧಕ್ಕೆ ನಿಂತ ಸೂಜಿ

(ಧಾರವಾಡದ ಮಹಿಳಾ ಮಂಡಳವೊಂದು ಏರ್ಪಡಿಸಿದ್ದ ಕೈಹೊಲಿಗೆ ಪ್ರದರ್ಶನದ ಸಂದರ್ಭದಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಬರಹರೂಪ.)



ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಹೊಲಿಗೆಯ ಬಗ್ಗೆ ಮಾತನಾಡುವ ಅಧಿಕಾರ ನನಗಿಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿ ವರದಿಗಾರಿಕೆಗೆ ಬಂದವಳು ನಾನು. ನನ್ನ ಕೈಯಲ್ಲಿ ಪೆನ್ನು ನಿಂತಷ್ಟು ಸೂಜಿ ನಿಲ್ಲುವುದಿಲ್ಲ. ಇಲ್ಲಿ ಕುಳಿತವರಲ್ಲಿ ಬಹಳಷ್ಟು ಜನ ನನಗಿಂತ ಚೆನ್ನಾಗಿ ಟಾಕು ಹಾಕಬಲ್ಲಿರಿ. ಆದರೂ ಸಂಘಟಕರು ಕರೆದಾಗ ಒಪ್ಪಿಕೊಂಡೆ. ಏಕೆಂದರೆ ನನ್ನದೊಂದು ಋಣ ಬಾಕಿ ಇದೆ. ನಮ್ಮ ಆಯಿಗೆ ಆಡಿದ ಒಂದು ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಆಕೆ ಈಗಿಲ್ಲ. ಆದ್ದರಿಂದ ನಿಮ್ಮ ಮುಂದೆ ಹೇಳುತ್ತಿದ್ದೇನೆ.

2019ರ ಆಗಸ್ಟ್ ತಿಂಗಳ ಪ್ರವಾಹ ನಿಮಗೆಲ್ಲ ನೆನಪಿದೆ. ಮಲಪ್ರಭೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿತು. ಅವುಗಳಲ್ಲಿ ನಮ್ಮ ಊರೂ ಒಂದು. ನೀರು ಇಳಿದ ಮೇಲೆ ಎಲ್ಲರ ಮನೆಯಲ್ಲೂ ಒಂದೇ ಕೆಲಸ. ತೊಯ್ದದ್ದನ್ನು ಹೊರಗೆ ತರುವುದು, ಬಿಸಿಲು ಬಿದ್ದಾಗ ಒಣಹಾಕುವುದು, ಮೋಡ ಕವಿದರೆ ಎತ್ತುವುದು. ತೊಯ್ದ ಕೌದಿಯ ಭಾರ ಎಷ್ಟೆಂದು ಎತ್ತಿದವರಿಗೇ ಗೊತ್ತು. ಇಬ್ಬರು ಎರಡು ಕಡೆ ಹಿಡಿದು ಹಿಂಡಬೇಕು. ಆಗ ನಾನು ಡಿಪ್ಲೊಮಾ ಓದುತ್ತಿದ್ದೆ. ರಜೆ ಹಾಕಿ ಊರಿಗೆ ಹೋಗಿದ್ದೆ.

ಆಯಿಯ ತಗಡಿನ ಟ್ರಂಕು ತೆರೆದಾಗ ನಾಲ್ಕು ಗಂಟುಗಳು ಸಿಕ್ಕವು. ಒಂದರಲ್ಲಿ ಮುಕ್ಕಾಲು ಹೊಲಿದ ದೊಡ್ಡ ಕೌದಿ. ಇನ್ನೊಂದರಲ್ಲಿ ಕೂಸಿಗೆ ಹೊದಿಸುವಂಥ ಸಣ್ಣ ಕೌದಿ, ಅದೂ ಅರ್ಧ. ಮೂರನೆಯದರಲ್ಲಿ ಒಂದು ಇಳಕಲ್ ಸೀರೆ. ಅದರ ಸೆರಗಿನ ಹತ್ತಿರ ಕಸೂತಿಯ ಗೋಪುರ, ಶಿಖರವಿಲ್ಲದೆ ನಿಂತಿತ್ತು. ನಾಲ್ಕನೆಯದರಲ್ಲಿ ಎಲೆಅಡಿಕೆಯ ಸಂಚಿ, ಬಾಯಿಗೆ ದಾರ ಪೋಣಿಸಿರಲಿಲ್ಲ. ಎಲ್ಲವನ್ನೂ ಕಟ್ಟೆಯ ಮೇಲೆ ಸಾಲಾಗಿ ಹರವಿದೆವು. ನೋಡಲು ಬಂದ ನೆರೆಯಾಕೆ ನಕ್ಕು, ‘ಏನಬೇ ಯಕ್ಕಾ, ಎಲ್ಲಾನೂ ಅರ್ಧಂಬರ್ಧನ ಇಟ್ಟೀಯಲ್ಲ’ ಎಂದಳು. ನಾನು ಓದಿದವಳಲ್ಲವೇ? ಬುದ್ಧಿ ಹೇಳಿದೆ. ‘ಒಂದು ಮುಗಿಸಿ ಇನ್ನೊಂದು ಹಿಡೀಬೇಕಿತ್ತಲ್ಲ ಆಯಿ?’ ಎಂದೆ.

ಆಯಿ ಕೌದಿಯನ್ನು ಬಿಸಿಲಿಗೆ ಮಗುಚಿ ಹಾಕುತ್ತಿದ್ದಳು. ‘ಮುಗಸೂದು ನನ್ನ ಕೈಯಾಗ ಎಲ್ಲಿತ್ತು ತಂಗಿ’ ಎಂದಳು. ಅಷ್ಟೇ. ಆ ಮಾತಿನ ಅರ್ಥ ತಿಳಿಯಲು ನನಗೆ ವರ್ಷಗಳು ಹಿಡಿದವು. ಅದನ್ನೇ ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಕೌದಿಯ ಲೆಕ್ಕ

ಕೌದಿ ನಮ್ಮ ಉತ್ತರ ಕರ್ನಾಟಕದ ಮನೆಮನೆಯ ವಸ್ತು. ಹಳೆಯ ಸೀರೆ, ಧೋತರ, ಅಂಗಿ, ಪರಕಾರ, ಹೀಗೆ ಉಟ್ಟು ತೊಟ್ಟು ಮೆತ್ತಗಾದ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಸೂಜಿ ಮೇಲೊಮ್ಮೆ ಕೆಳಗೊಮ್ಮೆ ಹೋಗುವ ಸಾದಾ ಹೊಲಿಗೆಯಿಂದ ಬಿಗಿಯುವುದು. ಬಂಗಾಳದ ಕಾಂಥಾ, ಮಹಾರಾಷ್ಟ್ರದ ಗೋಧಡಿ ಇದರ ಅಕ್ಕತಂಗಿಯರು. ಕನ್ನಡದಲ್ಲಿ ಇದಕ್ಕೆ ಬೊಂತೆ ಎಂಬ ಹಳೆಯ ಹೆಸರೂ ಉಂಟು. 12ನೆಯ ಶತಮಾನದ ವಚನಕಾರ್ತಿ ಬೊಂತಾದೇವಿಗೆ ಆ ಹೆಸರು ಬಂದದ್ದೇ ಆಕೆ ಹೊದ್ದ ಬೊಂತೆಯಿಂದ ಎಂದು ಶರಣ ಪರಂಪರೆ ಹೇಳುತ್ತದೆ. ಎಂದರೆ ತೇಪೆಯ ಹೊದಿಕೆ ನಮ್ಮಲ್ಲಿ ನಿನ್ನೆ ಮೊನ್ನೆಯದಲ್ಲ.

ಒಂದು ಕೌದಿಗೆ ಎಷ್ಟು ಹೊಲಿಗೆ ಬೇಕು? ವರದಿಗಾರರಿಗೆ ಅಂಕಿಯ ಚಟ. ಕುಳಿತು ಲೆಕ್ಕ ಹಾಕಿದೆ. 6 ಅಡಿ ಉದ್ದ, 4 ಅಡಿ ಅಗಲದ ಕೌದಿ ಎಂದಿಟ್ಟುಕೊಳ್ಳಿ. ಸಾಲಿನಿಂದ ಸಾಲಿಗೆ ಅರ್ಧ ಇಂಚು ಬಿಟ್ಟರೆ 96 ಸಾಲು. ಒಂದೊಂದು ಸಾಲು 6 ಅಡಿ. ಒಟ್ಟು 576 ಅಡಿ ಹೊಲಿಗೆ. ಇಂಚಿಗೆ ಮೂರು ಟಾಕು ಎಂದರೂ 20,736 ಟಾಕು. ಇಷ್ಟನ್ನೂ ನಾಲ್ಕೈದು ಪದರ ಬಟ್ಟೆಯ ಮೂಲಕ ಸೂಜಿ ನೂಕಿ ನೂಕಿ ಹಾಕಬೇಕು. ದಿನಕ್ಕೆ ನಾಲ್ಕು ಸಾಲು ಸಾಗಿದರೆ 24 ದಿನದಲ್ಲಿ ಮುಗಿಯುತ್ತದೆ.

ಕಾಗದದ ಮೇಲೆ 24 ದಿನ. ಆದರೆ ಆ 24 ದಿನ ಸಿಗುವುದು ಯಾವಾಗ? ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಯಲಾಗದು. ಪದರಗಳು ಸರಿಯದಂತೆ ನೆಲದ ಮೇಲೆ ಹರವಬೇಕು. ಎಂದರೆ ಮನೆಯ ಪಡಸಾಲೆ ಖಾಲಿ ಇರಬೇಕು. ಗಂಡಸರು ಹೊಲಕ್ಕೆ, ಹುಡುಗರು ಸಾಲೆಗೆ ಹೋಗಿರಬೇಕು. ಅಡಿಗೆ, ಮುಸುರೆ ಮುಗಿದಿರಬೇಕು. ಮಧ್ಯಾಹ್ನ ಎರಡು ತಾಸು ಸಿಕ್ಕರೆ ಪುಣ್ಯ. ಬೇಸಿಗೆಯಲ್ಲಿ ಹೊಲದ ಕೆಲಸ ಕಡಿಮೆಯಾದಾಗ ಕೌದಿ ಹಾಸುತ್ತಾರೆ. ಮಳೆ ಬಿದ್ದು ಬಿತ್ತನೆ ಶುರುವಾದರೆ ಸುತ್ತಿಡುತ್ತಾರೆ. ಆ ವರ್ಷ ಉಳಿದದ್ದು ಮುಂದಿನ ಬೇಸಿಗೆಗೆ.

ಕೌದಿಗೆ ಇಲ್ಲೊಂದು ಅನುಕೂಲವೂ ಇದೆ. ಎಲ್ಲಿ ಬಿಟ್ಟರೂ ಅದು ಕೆಡುವುದಿಲ್ಲ, ಯಾರು ಮುಂದುವರಿಸಿದರೂ ಬೇಡವೆನ್ನುವುದಿಲ್ಲ. ಹೊಲ ಉಳುವವನು ನಿಲ್ಲಿಸಿದ ಸಾಲಿನ ಪಕ್ಕದಲ್ಲೇ ಮಗ ನೇಗಿಲು ಹೂಡಿದಂತೆ, ಅತ್ತೆ ಬಿಟ್ಟ ಸಾಲಿನ ಪಕ್ಕ ಸೊಸೆ ಸೂಜಿ ಹೂಡಬಹುದು. ನೆರೆಯವರು ಮಾತಿಗೆ ಬಂದರೆ ಅವರ ಕೈಗೂ ಒಂದು ಸೂಜಿ. ಒಂದೇ ಕೌದಿಯಲ್ಲಿ ಸಣ್ಣ ಟಾಕು, ದೊಡ್ಡ ಟಾಕು, ಸೊಟ್ಟ ಸಾಲು ಕಾಣುವುದು ಅದಕ್ಕೇ.

ಹೋಗಿ ಬರುವ ದಾರಿ

ಕಸೂತಿಯ ಮಾತೇ ಬೇರೆ. ಧಾರವಾಡದಲ್ಲಿ ನಿಂತು ಕಸೂತಿಯ ಬಗ್ಗೆ ಹೇಳುವುದು ಗಂಗೆಗೆ ನೀರು ಹೊತ್ತಂತೆ. ಆದರೂ ಹೊಸಬರಿಗಾಗಿ ಎರಡು ಮಾತು. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಹೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ರೂಢಿಯಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಎಣಿಸಿಯೇ ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆಗಳನ್ನು ಎಬ್ಬಿಸಬೇಕು. ಗಂಟು ಹಾಕುವಂತಿಲ್ಲ.

ಗವಂತಿಯನ್ನೇ ನೋಡಿ. ಸೂಜಿ ಹೋಗುವಾಗ ಒಂದು ಟಾಕು ಬಿಟ್ಟು ಒಂದು ಟಾಕು ಹಾಕುತ್ತ ಹೋಗುತ್ತದೆ. ಆಗ ಗೆರೆ ತುಂಡು ತುಂಡಾಗಿ ಕಾಣುತ್ತದೆ. ತುದಿ ಮುಟ್ಟಿ, ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಜಾಗಗಳೆಲ್ಲ ತುಂಬಿಕೊಳ್ಳುತ್ತವೆ. ಎಲ್ಲಿ ಹೊರಟಿತ್ತೋ ಅಲ್ಲಿಗೇ ಬಂದು ದಾರ ಮುಗಿಯಬೇಕು. ಆಗ ಎದುರು ಬದಿ ಹೇಗೋ ಹಿಂಬದಿಯೂ ಹಾಗೆ. ಕೈಯಲ್ಲಿ ಮಾಡಿದ ಗವಂತಿ ಹೌದೋ ಅಲ್ಲವೋ ಎಂದು ತಿಳಿಯಬೇಕಾದರೆ ಬಟ್ಟೆ ಮಗುಚಿ ನೋಡಿ ಎನ್ನುವುದು ಈ ಕಾರಣಕ್ಕೆ.

ಇದರ ಅರ್ಥವೇನೆಂದರೆ, ಗವಂತಿಯಲ್ಲಿ ಅರ್ಧ ದಾರಿಯ ತನಕ ಕೆಲಸ ಅಪೂರ್ಣವಾಗಿ ಕಾಣುವುದೇ ನಿಯಮ. ಆದರೆ ಹಿಂದಿರುಗುವ ದಾರಿ ಬಟ್ಟೆಯ ಮೇಲಿಲ್ಲ, ಹೊಲಿಯುವವಳ ತಲೆಯಲ್ಲಿದೆ. ಕವಲು ಬಂದಲ್ಲಿ ಮೊದಲು ಯಾವ ಕಡೆ ಹೋಗಿ ಬರಬೇಕೆಂಬುದು ಆಕೆಗೆ ಗೊತ್ತು. ನಡುವೆ ಯಾರೋ ಕರೆದರೆ, ಹಾಲು ಉಕ್ಕಿದರೆ, ಎಣಿಕೆ ತಪ್ಪುತ್ತದೆ. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ. ಬಿಚ್ಚಬೇಕು. ಹಗಲು ಬೆಳಕು ಬೇಕು, ಕಣ್ಣು ಚುರುಕಿರಬೇಕು, ಯಾರೂ ಮಾತನಾಡಿಸಬಾರದು. ಸಂಸಾರಸ್ಥ ಹೆಣ್ಣಿಗೆ ಈ ಮೂರೂ ಒಟ್ಟಿಗೆ ಸಿಗುವುದು ಎಷ್ಟು ದಿನ, ನೀವೇ ಹೇಳಿ. ಆಯಿಯ ಸೀರೆಯ ಗೋಪುರ ನಿಂತದ್ದು ಆಕೆಯ ಕಣ್ಣಿಗೆ ಪೊರೆ ಬಂದ ವರ್ಷ.

ಸಂಚಿಯದು ಮೂರನೆಯ ಜಾತಿ. ಅದು ಮಡಿಲಲ್ಲಿ ಹಿಡಿಸುತ್ತದೆ. ಬಸ್ಸಿಗೆ ಕಾಯುವಾಗ, ದವಾಖಾನೆಯ ಸಾಲಿನಲ್ಲಿ, ರೊಟ್ಟಿ ಬಡಿದು ಒಲೆ ಆರುವ ತನಕ, ಹತ್ತು ನಿಮಿಷ ಸಿಕ್ಕರೂ ನಾಲ್ಕು ಟಾಕು ಹಾಕಬಹುದು.

ಈಗ ನಾಲ್ಕು ಗಂಟುಗಳ ಗುಟ್ಟು ನಿಮಗೆ ಹೊಳೆದಿರಬೇಕು. ನೆಲ ಖಾಲಿ ಇದ್ದಾಗ ಕೌದಿ. ಬೆಳಕು, ಮೌನ ಎರಡೂ ಇದ್ದಾಗ ಕಸೂತಿ. ಏನೂ ಇಲ್ಲದಾಗ ಸಂಚಿ. ಒಂದು ಮುಗಿಸಿ ಇನ್ನೊಂದು ಹಿಡಿಯಬೇಕೆಂದು ಕುಳಿತಿದ್ದರೆ, ಕಸೂತಿಯ ಬೆಳಕಿಗೆ ಕಾಯುತ್ತ ಸಂಚಿಯ ಹತ್ತು ನಿಮಿಷಗಳೂ ಹೋಗುತ್ತಿದ್ದವು. ಆಯಿಗೆ ಸಮಯ ಇಡಿಯಾಗಿ ಸಿಗಲಿಲ್ಲ, ತುಂಡು ತುಂಡಾಗಿ ಸಿಕ್ಕಿತು. ತುಂಡು ಬಟ್ಟೆಗಳನ್ನು ಹೇಗೆ ಎಸೆಯಲಿಲ್ಲವೋ ತುಂಡು ಹೊತ್ತುಗಳನ್ನೂ ಹಾಗೆಯೇ ಎಸೆಯಲಿಲ್ಲ.

ಇನ್ನೊಂದು ಮಾತು. ಇವತ್ತು ನನ್ನ ಮೇಜಿನ ಮೇಲೆ ಮುಗಿಯದ ವರದಿಗಳು ಐದಿವೆ. ಒಂದಕ್ಕೆ ಅಧಿಕಾರಿಯ ಉತ್ತರ ಬರಬೇಕು, ಇನ್ನೊಂದಕ್ಕೆ ಫೋಟೊ ಬರಬೇಕು. ನನ್ನನ್ನು ಯಾರೂ ಅರ್ಧಂಬರ್ಧದವಳು ಎನ್ನುವುದಿಲ್ಲ. ಕೆಲಸದ ಒತ್ತಡ ಎನ್ನುತ್ತಾರೆ. ಮನೆಯಲ್ಲಿ ಹೊಲಿಯುವ ಹೆಂಗಸಿಗೆ ಮಾತ್ರ ಬೇರೆ ಹೆಸರು.

ಅಂಚಿನಿಂದ ನಡುವಿಗೆ

ಕೆಲಸ ನಡುವೆ ನಿಲ್ಲುವುದು ಖಂಡಿತ ಎಂದು ಗೊತ್ತಿದ್ದೇ ರೂಪುಗೊಂಡಂತಿರುವ ಒಂದು ಹೊಲಿಗೆ ನಮ್ಮ ಪಕ್ಕದ ಉತ್ತರ ಕನ್ನಡದಲ್ಲಿದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಜನ ಶತಮಾನಗಳ ಹಿಂದೆ ಆಫ್ರಿಕಾದಿಂದ ಈ ನೆಲಕ್ಕೆ ಬಂದವರ ಸಂತತಿ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಮೂವರ ಮನೆಯ ಹೆಂಗಸರೂ ಕವಂದಿ ಎಂಬ ತೇಪೆಯ ಹೊದಿಕೆ ಹೊಲಿಯುತ್ತಾರೆ. ಕೂಸಿಗೆ ಸಣ್ಣದು, ಹಿರಿಯರಿಗೆ ದೊಡ್ಡದು.

ಕವಂದಿಯ ವಿಶೇಷವೆಂದರೆ ಅದು ಒಂದು ಮೂಲೆಯಿಂದ ಹೊರಟು ಅಂಚಿನ ಗುಂಟ ಸುತ್ತು ಬಂದು, ಮತ್ತೆ ಒಳಸುತ್ತು, ಅದರೊಳಗೆ ಇನ್ನೊಂದು ಸುತ್ತು, ಹೀಗೆ ನಡುವಿನ ಕಡೆ ಸಾಗುತ್ತದೆ. ತುಂಡುಗಳನ್ನು ಮೊದಲೇ ಕೂಡಿಸಿಡುವುದಿಲ್ಲ; ಹೊಲಿಯುತ್ತ ಹೊಲಿಯುತ್ತಲೇ ಒಂದೊಂದಾಗಿ ಸೇರಿಸುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ತ್ರಿಕೋನದಂತೆ ಮಾಡಿ ಹೊಲಿಯುತ್ತಾರೆ. ಅದಕ್ಕೆ ಫುಲಾ, ಎಂದರೆ ಹೂವು, ಎಂದು ಹೆಸರು. ಮೂಲೆಗೆ ಹೂವಿಲ್ಲದ ಕವಂದಿ ಬತ್ತಲೆ ಇದ್ದಂತೆ ಎಂಬ ಮಾತು ಅವರಲ್ಲಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳ ಬಗ್ಗೆ ಅಧ್ಯಯನ ನಡೆಸಿದರು. 2011ರಲ್ಲಿ ಇವು ಅಮೆರಿಕದಲ್ಲಿ ಪ್ರದರ್ಶನಗೊಂಡವು.

ಅಂಚಿನಿಂದ ಒಳಗೆ ಬರುವುದರಿಂದ ಆಗುವ ಲಾಭ ನೋಡಿ. ಎಲ್ಲಿಯೇ ನಿಂತರೂ ಅಂಚು ಬಿಗಿಯಾಗಿರುತ್ತದೆ, ನೂಲು ಬಿಚ್ಚಿಕೊಳ್ಳುವುದಿಲ್ಲ. ಬಾಕಿ ಉಳಿಯುವುದು ನಡುವಿನ ಜಾಗ ಮಾತ್ರ, ಅದೂ ದಿನದಿನಕ್ಕೆ ಚಿಕ್ಕದಾಗುತ್ತ ಬರುತ್ತದೆ. ಎಷ್ಟು ಉಳಿದಿದೆ ಎಂದು ಕಣ್ಣಿಗೇ ಕಾಣುತ್ತದೆ.

ಮುಗಿಯದ್ದು ಹೇಳುವ ಕಥೆ

ಮುಗಿದ ವಸ್ತು ಮುಚ್ಚಿಡುವ ಎಷ್ಟೋ ಸಂಗತಿಯನ್ನು ಮುಗಿಯದ ವಸ್ತು ತೋರಿಸುತ್ತದೆ. ಇಂಗ್ಲೆಂಡಿನಲ್ಲಿ ಒಂದು ಬಗೆಯ ತೇಪೆ ಹೊಲಿಗೆ ಇದೆ. ಕಾಗದವನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಅದರ ಮೇಲೆ ಬಟ್ಟೆ ಮಡಚಿ, ತುಂಡುಗಳನ್ನು ಅಂಚಿಗೆ ಅಂಚು ಕೂಡಿಸುವುದು. ಕೊನೆಯಲ್ಲಿ ಕಾಗದ ಕಿತ್ತು ಅಸ್ತರಿ ಹಾಕುತ್ತಾರೆ. ಕಾಗದ ಕೀಳದೆ ಉಳಿದ ಹೊದಿಕೆಗಳೆಂದರೆ ಇತಿಹಾಸಕಾರರಿಗೆ ಹಬ್ಬ. ಏಕೆಂದರೆ ಮನೆಯಲ್ಲಿ ಸಿಕ್ಕ ಹಳೆಯ ಪತ್ರ, ಲೆಕ್ಕದ ಹಾಳೆಗಳನ್ನೇ ಅದಕ್ಕೆ ಬಳಸುತ್ತಿದ್ದರು. ಅಲ್ಲಿನ ಕ್ವಿಲ್ಟರ್ಸ್ ಗಿಲ್ಡ್ ಸಂಸ್ಥೆಯ ಸಂಗ್ರಹದಲ್ಲಿ 1718 ಎಂದು ಇಸವಿ ಹೊಲಿದಿರುವ ರೇಷ್ಮೆ ಹೊದಿಕೆಯಿದೆ. ಮುನ್ನೂರು ವರ್ಷ ಕಳೆದರೂ ಕಾಗದಗಳು ಅದರೊಳಗೇ ಉಳಿದಿವೆ.

ನಮ್ಮ ಆಯಿಯ ದೊಡ್ಡ ಕೌದಿಯೂ ಹಾಗೆಯೇ. ಹೊಲಿಯದೆ ಉಳಿದ ಕಡೆ ಪದರ ಬಿಡಿಸಿ ನೋಡಬಹುದು. ಮೇಲೆ ಚಿಗವ್ವನ ಹಸಿರು ಸೀರೆ. ಅದರ ಕೆಳಗೆ ಮುತ್ಯಾನ ಧೋತರ. ಅದರ ಕೆಳಗೆ ನನ್ನದೇ ಸಾಲೆಯ ನೀಲಿ ಪರಕಾರ, ಶಾಯಿಯ ಕಲೆ ಸಹಿತ. ಕೌದಿ ಪೂರ್ತಿಯಾಗಿದ್ದರೆ ಇವು ನನಗೆ ಕಾಣುತ್ತಲೇ ಇರಲಿಲ್ಲ.

ಸಣ್ಣ ಕೌದಿಯ ಕಥೆಯನ್ನು ಆಯಿ ಹೋದ ಮೇಲೆ ಅವ್ವ ಹೇಳಿದಳು. ಅದು ನನಗಿಂತ ಮೊದಲು ಹುಟ್ಟಿದ ಕೂಸಿಗಾಗಿ ಹೊಲಿಯುತ್ತಿದ್ದದ್ದು. ಆ ಕೂಸು ಉಳಿಯಲಿಲ್ಲ. ಆಯಿ ಅದನ್ನು ಮುಂದೆ ಹೊಲಿಯಲಿಲ್ಲ, ಬಿಚ್ಚಲೂ ಇಲ್ಲ. ನಾನು ಹುಟ್ಟಿದಾಗ ಬೇರೆ ಬಟ್ಟೆ ಕೂಡಿಸಿ ಬೇರೆ ಕೌದಿ ಹೊಲಿದಳಂತೆ. ಅದನ್ನು ಹೊದ್ದೇ ನಾನು ಬೆಳೆದೆ. ಪ್ರವಾಹದ ಮರುದಿನ ಕಟ್ಟೆಯ ಮೇಲೆ ನಿಂತು, ಒಂದು ಮುಗಿಸಿ ಇನ್ನೊಂದು ಹಿಡೀಬೇಕಿತ್ತಲ್ಲ ಎಂದು ನಾನು ಬುದ್ಧಿ ಹೇಳಿದ್ದು ಈ ಗಂಟನ್ನೂ ಸೇರಿಸಿ. ಅವ್ವ ಅಲ್ಲೇ ನಿಂತಿದ್ದಳು. ಆಯಿ ಆಕೆಯ ಮುಖ ನೋಡಿ ಸುಮ್ಮನಾಗಿದ್ದಳು ಎಂಬುದು ಈಗ ಹೊಳೆಯುತ್ತಿದೆ. ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ನಾನು ಆಗ ಹೇಳಿದ ಮಾತು ಇದೇ.

ಇನ್ನೊಂದು ಮಗ್ಗಲು

ಹಾಗೆಂದು ಮುಗಿಸದಿರುವುದನ್ನೇ ಹೊಗಳಲು ನಾನು ಬಂದಿಲ್ಲ. ಕಸೂತಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕೈಹೊಲಿಗೆಯಿಂದಲೇ ಸಂಸಾರ ಸಾಗಿಸುವ ಹೆಂಗಸರು ನಮ್ಮ ನಡುವೆ ಇದ್ದಾರೆ. ಸೀರೆಗಿಷ್ಟು ಎಂದು ಕೂಲಿ ಪಡೆಯುವವಳಿಗೆ ಅರ್ಧ ಸೀರೆಗೆ ಕೂಲಿಯಿಲ್ಲ. ಆಕೆ ಏಕಕಾಲಕ್ಕೆ ಮೂರು ಸೀರೆ ಹಿಡಿದಿದ್ದರೆ ಅದು ಹೊತ್ತಿನ ಜಾಣ್ಮೆ ಇರಲಿಕ್ಕಿಲ್ಲ, ಮೂರು ಕಡೆಯ ತಗಾದೆ ಇರಬಹುದು. ಕೈಕೆಲಸ ಎಂದರೆ ನೆಮ್ಮದಿ ಎಂದು ಹೇಳುವವರು ಈ ವ್ಯತ್ಯಾಸ ಮರೆಯಬಾರದು.

ಮನೆಯ ಹೊಲಿಗೆಗೂ ಒಂದು ಅಪಾಯ ಇದೆ. ನಾಲ್ಕು ಗಂಟಿನ ಗುಟ್ಟು ಒಬ್ಬಳಿಗೇ ಗೊತ್ತಿದ್ದರೆ ಆಕೆಯೊಂದಿಗೆ ಅದೂ ಹೋಗುತ್ತದೆ. ಆಯಿ ಬದುಕಿದ್ದಾಗ ಗೋಪುರದ ಎಣಿಕೆ ಕೇಳಿ ಬರೆದುಕೊಂಡಿದ್ದರೆ ಇವತ್ತು ಶಿಖರ ಏರುತ್ತಿತ್ತು. ಊರೂರ ಸುದ್ದಿ ಬರೆದುಕೊಳ್ಳುವ ನಾನು ನಮ್ಮ ಮನೆಯ ಪಡಸಾಲೆಯ ಸುದ್ದಿ ಬರೆದುಕೊಳ್ಳಲಿಲ್ಲ.

ಆದ್ದರಿಂದ ಆಯಿಯ ಗಂಟುಗಳಿಂದಲೂ, ಹಿರಿಯರ ಬಾಯಿಂದಲೂ ನಾನು ಕಲಿತದ್ದನ್ನು ಹೇಳಿ ಮುಗಿಸುತ್ತೇನೆ. ಒಂದು ಕೆಲಸಕ್ಕೆ ಒಂದು ಗಂಟು. ಆ ಕೆಲಸದ ದಾರ, ತುಂಡು ಎಲ್ಲ ಅದರಲ್ಲೇ ಇರಲಿ. ಅದೇ ಬಣ್ಣದ ದಾರ ಮುಂದೆ ಸಿಗುತ್ತದೆಂಬ ಭರವಸೆ ಬೇಡ. ಬಹಳ ದಿನ ಬಿಡುವುದಾದರೆ ಸೂಜಿಯನ್ನು ಬಟ್ಟೆಯಿಂದ ತೆಗೆದಿಡಿ. ತುಕ್ಕಿನ ಕಲೆ ಹೋಗುವುದು ಕಷ್ಟ. ವರ್ಷಕ್ಕೆರಡು ಸಲ ಬಿಚ್ಚಿ, ಗಾಳಿಗೆ ಹಿಡಿದು, ಮಡಿಕೆ ಬದಲಿಸಿ ಇಡಿ. ಹಳೆಯ ನೂಲಿನ ಬಟ್ಟೆ ಹರಿಯುವುದು ಮಡಿಕೆಯಲ್ಲೇ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಚೀಟಿ ಬರೆದು ಒಳಗಿಡಿ. ಇದು ಯಾರಿಗಾಗಿ, ಎಂದು ಶುರುವಾಯಿತು, ಎಷ್ಟು ಎಳೆಯ ಎಣಿಕೆ, ಮುಂದೆ ಯಾವ ಕಡೆ ಹೋಗಬೇಕು. ಬರೆಯಲು ಬಾರದಿದ್ದರೆ ಮಗಳನ್ನೋ ಮೊಮ್ಮಗನನ್ನೋ ಕೂರಿಸಿಕೊಂಡು ಬರೆಸಿ. ಮೊಮ್ಮಗನಿಗೂ ಸೂಜಿ ಹಿಡಿಯಲು ಕಲಿಸಿದರೆ ಇನ್ನೂ ಒಳ್ಳೆಯದು.

ನಮ್ಮ ನಾಲ್ಕು ಗಂಟು ಏನಾದವು ಎಂದು ನೀವು ಕೇಳಬಹುದು. ಸಂಚಿಯ ಬಾಯಿಗೆ ನಾನೇ ದಾರ ಪೋಣಿಸಿದೆ. ಈಗ ಅದರಲ್ಲಿ ನನ್ನ ಪೆನ್ನುಗಳಿವೆ. ಗೋಪುರದ ಸೀರೆಯನ್ನು ಕಸೂತಿ ಬಲ್ಲ ಹಿರಿಯರೊಬ್ಬರಿಗೆ ತೋರಿಸಿದೆ. ಬಿಟ್ಟ ಟಾಕುಗಳನ್ನು ನೋಡಿಯೇ ಅವರು ಹಿಂದಿರುಗುವ ದಾರಿಯನ್ನು ಅರ್ಧದಷ್ಟು ಓದಿದರು. ಉಳಿದರ್ಧವನ್ನು ನಾನು ಅವರ ಬಳಿ ಎಣಿಕೆ ಕಲಿತು ಹುಡುಕಬೇಕಂತೆ. ಸಣ್ಣ ಕೌದಿಯನ್ನು ಇದ್ದ ಹಾಗೆಯೇ ಇಟ್ಟಿದ್ದೇವೆ. ಅದನ್ನು ಮುಗಿಸುವುದು ಬೇಡ ಎಂದಳು ಅವ್ವ. ಒಳಗೊಂದು ಚೀಟಿ ಇಟ್ಟಳು. ಏನು ಬರೆದಳೆಂದು ನಾನು ಓದಿಲ್ಲ.

ದೊಡ್ಡ ಕೌದಿಯನ್ನು ಇಲ್ಲಿಗೇ ತಂದಿದ್ದೇನೆ. ಅಗೋ, ಆ ಮೂಲೆಯ ಜಮಖಾನೆಯ ಮೇಲೆ ಹರವಿದ್ದೇನೆ. ಆಯಿ ಬಿಟ್ಟಾಗ 24 ಸಾಲು ಬಾಕಿ ಇದ್ದವು. ಅವ್ವ ಹತ್ತು ಹಾಕಿದ್ದಾಳೆ, ನಾನು ಮೂರು. ಸೊಟ್ಟಗಿರುವುವು ನನ್ನವು. ಇನ್ನು ಹನ್ನೊಂದು ಉಳಿದಿವೆ. ಪಕ್ಕದಲ್ಲೇ ಸೂಜಿ, ದಾರ ಇವೆ. ಚಹಾ ಬರುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆಯಂತೆ. ಕೈ ಸುಮ್ಮನಿರಲಾರದವರು ಬಂದು ನಾಲ್ಕು ಟಾಕು ಹಾಕಿ ಹೋಗಿ.